ಮನಿ ಮುಂದ ಕೃಷ್ಣಕಮಲ ಬಳ್ಳಿ ಹಚ್ಚೂದು ಹೆಂಗ

ನಮ್ಮ ವಿಜಾಪುರದ ಎರಿ ಮಣ್ಣಾಗ ಕೃಷ್ಣಕಮಲ ಹಚ್ಚಿ ಬಳ್ಳಿ ಕೊಳಸಕೊಂಡವರು ಭಾಳ ಮಂದಿ ಅದಾರ, ನಾನೂ ಒಬ್ಬ. ನೀರು ನಿಂತ್ರ ಬೇರು ಕೊಳಿತಾವ ನೋಡ್ರಿ, ಅದಕ ಮಸಾರಿ ಮಣ್ಣು, ಉಸುಕು, ಹಳೇ ತಿಪ್ಪಿಗೊಬ್ಬರ ಸಮಾ ಕಲಸಿ ದೊಡ್ಡ ಕುಂಡ್ಯಾಗ ಹಚ್ಚೂದ ಚಲೋ.

ಮಿರಗದ ಮಳಿ ಟೈಮಿಗೆ ಪೆನ್ಸಿಲ್ ದಪ್ಪಂದು, 6 ಇಂಚಿನ ಕಡ್ಡಿ ಕತ್ತರಿಸಿ, ಕೆಳಗಿನ ಎಲಿ ತಗದು, ಎರಡು ಗಿಣ್ಣು ಮಣ್ಣಾಗ ಹೋಗುವಂಗ ಊರ್ರಿ. 3-4 ವಾರಕ್ಕ ಬೇರು ಬಿಡ್ತೈತಿ, ಅಲ್ಲೀತನಕ ನೆರಳಾಗ ಇಡ್ರಿ, ದಿನಾ ಕಿತ್ತಿ ನೋಡಬ್ಯಾಡ್ರಿ ಮತ್ತ!

ಆಮ್ಯಾಲೆ ಕಂಪೌಂಡಿಗೆ ಜಾಳಗಿ ಕಟ್ಟಿ ಹಬ್ಬಸ್ರಿ, ಸುರುಳಿ ಕುಡಿ ತಾನ ಹಿಡಕೊಂತೈತಿ. ದಿನಕ್ಕ 5-6 ತಾಸು ಬಿಸಲು ಬೇಕು, ಆದ್ರ ನಮ್ಮ ಬ್ಯಾಸಗಿ ಮಧ್ಯಾಹ್ನದ ಬಿಸಲಿಗೆ ಹಸರು ನೆಟ್ ಹಾಕ್ರಿ. ಯೂರಿಯಾ ಜಾಸ್ತಿ ಹಾಕಿದ್ರ ಬರೇ ಎಲಿನ, ಹೂ ಇಲ್ಲ.

ಮುಳ್ಳು ಮುಳ್ಳಿನ ಹುಳ ಬಂದು ಎಲಿ ತಿಂದ್ರ ಔಷಧ ಹೊಡಿಬ್ಯಾಡ್ರಿ, ಕಿತ್ತಳಿ ಬಣ್ಣದ ಚಿಟ್ಟಿ ಮರಿ ಅವು, ಭಾಳ ಆದ್ರ ಕಡ್ಡೀಲೆ ತಗೀರಿ.

ಹೂ ಇರೂದು ಒಂದ ದಿನ. ಸುತ್ತ ನೇರಳೆ ಎಳಿ ಕೌರವರು, ನಡಬರಕ ಐದು ಪಾಂಡವರು ಅಂತ ನಮ್ಮ ಅವ್ವ ಎಣಿಸಿ ತೋರಸ್ತಿದ್ಲು, ಪೂಜಾಕ್ಕ ಹರಿಯೂಕಿಂತ ಮದ್ಲ.