ಉಪ್ಪುಗಾಳಿಯ ಊರಿನಲ್ಲಿ ಚೆಂದದ ಗೋಡೆ ಹುಕ್ಕು

ಎರಡು ವರ್ಷದ ಹಿಂದೆ ಬಾಗಿಲ ಪಕ್ಕಕ್ಕೆಂದು ಎಲೆ ಆಕಾರದ ಹುಕ್ಕುಗಳನ್ನು ತರಿಸಿದ್ದೆ. ಬಂಗಾರದ ಬಣ್ಣ, ನೋಡೋಕೆ ತುಂಬಾ ಚೆಂದ. ನಮ್ಮ ಮನೆ ಕಾರವಾರದಲ್ಲಿ, ಕಡಲಿಗೆ ಹತ್ತಿರ. ಒಂದೇ ಮಳೆಗಾಲ ಅಷ್ಟೇ. ಚೌತಿಗೆ ಮನೆ ಒರೆಸುವಾಗ ನೋಡಿದರೆ ಎಲೆಯ ತುದಿಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು, ಸ್ಕ್ರೂ ಬುಡದಿಂದ ಬಿಳಿ ಗೋಡೆ ಮೇಲೆ ಗೇಣುದ್ದ ತುಕ್ಕಿನ ಗೆರೆ ಇಳಿದಿತ್ತು. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಅದಕ್ಕೇ ಹೇಳ್ತೇನೆ, ನಮ್ಮ ಕಡೆಯವರು ಮೊದಲು ಲೋಹ ನೋಡಿ, ಆಮೇಲೆ ಡಿಸೈನ್.

ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ ಜೇಬಲ್ಲಿ ಇಟ್ಕೊಳ್ಳಿ. ಹಿತ್ತಾಳೆ ಅಂತ ಕೊಟ್ಟದ್ದಕ್ಕೆ ಅದು ಅಂಟಿಕೊಂಡರೆ ಒಳಗೆ ಕಬ್ಬಿಣ, ಮೇಲೆ ಬರೀ ಬಣ್ಣ. ಅಸಲಿ ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲ, ಕಪ್ಪಾಗುತ್ತದೆ, ಕೆಲವೊಮ್ಮೆ ಹಸಿರು ಕಿಲುಬು ಬರುತ್ತದೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಮತ್ತೆ ಹೊಳೆಯುತ್ತದೆ. ಆದರೆ ಮೇಲೆ ಲ್ಯಾಕರ್ (ಹೊಳಪು ಹೋಗದಂತೆ ಬಳಿಯುವ ತೆಳು ಲೇಪ) ಬಳಿದಿದ್ದರೆ ಹುಳಿ ಹಾಕಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಆದರೆ 304 ಅನ್ನುವ ದರ್ಜೆಯದ್ದನ್ನು ಕೇಳಿ. ಕಡಲ ಗಾಳಿ ನೇರ ಬಡಿಯುವ ಮನೆಗೆ 316 ಇನ್ನೂ ಒಳ್ಳೆಯದು, ಅದರಲ್ಲಿ ಉಪ್ಪು ತಡೆಯುವ ಮಾಲಿಬ್ಡಿನಂ ಇರುತ್ತದೆ. ಅಗ್ಗದ 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ಸ್ಟೀಲಿಗೆ ಈ ಪರೀಕ್ಷೆ ನಡೆಯಲ್ಲ. ಪೆಟ್ಟಿಗೆ ಮೇಲೆ ಏನು ಬರೆದಿದೆ ಓದಿ.

ಎಲ್ಲರೂ ಮರೆಯುವುದು ಸ್ಕ್ರೂ. ಹುಕ್ಕಿನ ಜೊತೆ ಬರುವ ಸ್ಕ್ರೂ ಹೆಚ್ಚಾಗಿ ಕಬ್ಬಿಣದ್ದೇ, ಮತ್ತೆ ಹಿತ್ತಾಳೆಗೆ ತಾಗಿ ಒದ್ದೆಯಾದ ಕಬ್ಬಿಣ ಇನ್ನೂ ಬೇಗ ತಿನ್ನಿಸಿಕೊಳ್ಳುತ್ತದೆ. ಅದನ್ನು ಬದಿಗಿಟ್ಟು ಹಾರ್ಡ್‌ವೇರ್ ಅಂಗಡಿಯಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ತಗೊಳ್ಳಿ.

ಈಗ ಗೋಡೆ. ನಮ್ಮ ಕಡೆ ಮನೆ ಕಟ್ಟುವ ಕೆಂಪು ಚಿರೆಕಲ್ಲಿನಲ್ಲಿ ತೂತುಗಳಿರುತ್ತವೆ, ಡ್ರಿಲ್ಲನ್ನು ಹ್ಯಾಮರ್‌ನಲ್ಲಿ (ಬಡಿಯುತ್ತಾ ಕೊರೆಯುವಂತೆ) ಇಟ್ಟು ಒತ್ತಿದರೆ ಬಾಯಿ ದೊಡ್ಡದಾಗಿ ಪ್ಲಗ್ (ಸ್ಕ್ರೂ ಹಿಡಿಯಲು ತೂತಿನೊಳಗೆ ಕೂರಿಸುವ ಪ್ಲಾಸ್ಟಿಕ್ ತುಂಡು) ಸಡಿಲಾಗುತ್ತದೆ. ಹ್ಯಾಮರ್ ಬಂದ್ ಮಾಡಿ ನಿಧಾನಕ್ಕೆ ಕೊರೆಯಿರಿ. ನಾನು 8 ಮಿ.ಮೀ. ಬಿಟ್, 50 ಮಿ.ಮೀ. ಸ್ಕ್ರೂ ಬಳಸಿದೆ, ಯಾಕೆಂದರೆ ಪ್ಲಗ್ ಗಾರೆಯನ್ನು ದಾಟಿ ಕಲ್ಲಿಗೇ ಹೋಗಿ ಕೂರಬೇಕು. ಒದ್ದೆ ರೇನ್‌ಕೋಟಿನ ಭಾರ ಕಡಿಮೆಯೇನಲ್ಲ ಅಲ್ವಾ? ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯಲೇಬೇಡಿ, ಒಳಗೆ ವಯರ್ ಹೋಗಿರುತ್ತದೆ. ಮಣ್ಣಿನ ಗೋಡೆಯಾದರೆ ಪ್ಲಗ್ ನಿಲ್ಲುವುದಿಲ್ಲ. ಮರದ ಕಂಬಕ್ಕೋ ಬಾಗಿಲ ಚೌಕಟ್ಟಿಗೋ ಒಂದು ಹಲಗೆ ಹೊಡೆದು ಹುಕ್ಕನ್ನು ಅದಕ್ಕೆ ಹಾಕಿ.

ಅಂಟಿಸುವ ಹುಕ್ಕು ಟೈಲ್ಸಿಗೆ ಮಾತ್ರ. ಬಣ್ಣದ ಗೋಡೆಗೆ ಅಂಟಿಸಿದರೆ ಮಳೆಗಾಲದಲ್ಲಿ ಬಣ್ಣದ ಸಮೇತ ಕಿತ್ತು ಬರುತ್ತದೆ. ಟೈಲ್ಸನ್ನು ಸ್ಪಿರಿಟಿನಲ್ಲಿ ಒರೆಸಿ ಅಂಟಿಸಿ, ಒಂದು ದಿನ ಏನೂ ನೇತು ಹಾಕಬೇಡಿ.

ಎತ್ತರ ದೊಡ್ಡವರಿಗೆ ಐದು ಅಡಿ, ಮಕ್ಕಳ ಶಾಲೆ ಚೀಲಕ್ಕೆ ಮೂರು. ಕೊಡೆಗೆ ಬೇರೆ ಹುಕ್ಕು, ಗೋಡೆಯಿಂದ ಮೂರ್ನಾಲ್ಕು ಇಂಚು ಹೊರಗೆ ಬಂದಿರುವಂಥದ್ದು, ಕೆಳಗೊಂದು ಅಗಲ ಬಾಯಿಯ ಮಣ್ಣಿನ ಪಾತ್ರೆ.

ಇನ್ನು ಡಿಸೈನ್. ಶಿರಸಿ ಹತ್ತಿರದ ಅಜ್ಜನ ಮನೆ ಜಗಲಿಯಲ್ಲಿ ಎರಡು ಗಿಳಿಗೂಟ ಇದ್ದವು. ಗೋಡೆಯಿಂದ ಹೊರಗೆ ಚಾಚಿದ ಮರದ ಗೂಟ, ತುದಿಯಲ್ಲಿ ಕೊಕ್ಕು ಬಗ್ಗಿಸಿದ ಗಿಳಿ. ಅಜ್ಜನ ಶಲ್ಯ ವರ್ಷಗಟ್ಟಲೆ ನೇತಾಡಿ ಒಂದು ಗಿಳಿಯ ಬೆನ್ನು ಎಣ್ಣೆ ಸವರಿದ ಹಾಗೆ ನುಣ್ಣಗಾಗಿತ್ತು. ಅಷ್ಟು ಚೆಂದದ ಹುಕ್ಕನ್ನು ನಾನು ಯಾವ ಅಂಗಡಿಯಲ್ಲೂ ಕಂಡಿಲ್ಲ. ಶಿರಸಿ, ಕುಮಟಾ ಕಡೆಯ ಗುಡಿಗಾರರು ಮರದ ಕೆತ್ತನೆಗೆ ಹೆಸರಾದವರು, ಅವರಲ್ಲಿ ಕೇಳಿ ನೋಡಿ. ಇಲ್ಲವಾದರೆ ಊರಿನ ಬಡಗಿಗೆ ಸಾಗವಾನಿ ತುಂಡು ಕೊಟ್ಟು ಹಳೆಯ ಗಿಳಿಗೂಟದ ಫೋಟೋ ತೋರಿಸಿ. ಕೆತ್ತಿಸಿದ ಮೇಲೆ ವಾರ್ನಿಷ್ ಎರಡು ಸಲ ಬಳಿಸಿ, ಗೋಡೆಯೊಳಗೆ ಹೋಗುವ ಬುಡಕ್ಕೂ ಸೇರಿಸಿ.