ಸಾರ್ಕಾಯ್ಡೋಸಿಸ್ ಪತ್ತೆ: ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಬೇಡಿ

ಎದೆಯ ಎಕ್ಸ್‌ರೇಯಲ್ಲಿ ಎರಡೂ ಬದಿಯ ಹೈಲಮ್ ಗಂಟುಗಳು (ಶ್ವಾಸಕೋಶದ ಬುಡದ ದುಗ್ಧಗ್ರಂಥಿಗಳು) ಸಮಸಮನಾಗಿ ಊದಿವೆ, ರೋಗಿ ಮಾತ್ರ ಆರಾಮವಾಗಿ ಕೂತು ಮಾತಾಡುತ್ತಿದ್ದಾರೆ. ಇಂಥ ಕಡೆ ನನಗೆ ಮೊದಲು ನೆನಪಾಗುವುದು ಸಾರ್ಕಾಯ್ಡೋಸಿಸ್, ಅಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳು (ಗ್ರಾನುಲೋಮಾ) ಹುಟ್ಟುವ ಕಾಯಿಲೆ. ನೆನಪಾಗುವುದು ಬೇರೆ, ನಿರ್ಧರಿಸುವುದು ಬೇರೆ. ರೋಗಕ್ಕೆ ಹೊಂದುವ ಚಿತ್ರ, ಅಂಗಾಂಶದಲ್ಲಿ ನೆಕ್ರೋಸಿಸ್ (ಕೋಶಗಳು ಸತ್ತ ಭಾಗ) ಇಲ್ಲದ ಗ್ರಾನುಲೋಮಾ, ಬೇರೆ ಕಾರಣವಿಲ್ಲವೆಂಬ ಖಾತರಿ, ಈ ಮೂರೂ ಕೂಡಿಬರಬೇಕು. ಎಡವುವುದು ಹೆಚ್ಚಾಗಿ ಮೂರನೆಯದರಲ್ಲಿ.

ಸ್ಟೆತಸ್ಕೋಪ್ ಹಚ್ಚುವ ಮುಂಚೆ ಚರ್ಮ ನೋಡುತ್ತೇನೆ. ಹಳೇ ಗಾಯದ ಕಲೆಯೋ ಹಚ್ಚೆಯೋ ಈಚೆಗೆ ಉಬ್ಬಿ ಗಟ್ಟಿಯಾಗಿದ್ದರೆ ಬಯಾಪ್ಸಿಗೆ ಅದಕ್ಕಿಂತ ಸುಲಭದ ಜಾಗ ಇಲ್ಲ. ಮೊಣಕಾಲ ಕೆಳಗಿನ ಕೆಂಪು, ನೋಯುವ ಗಂಟುಗಳನ್ನು, ಅಂದರೆ ಎರಿತೀಮಾ ನೋಡೋಸಮ್ ಅನ್ನು, ಮಾತ್ರ ಕತ್ತರಿಸಬೇಡಿ. ಅಲ್ಲಿ ಸಿಗುವುದು ಕೊಬ್ಬಿನ ಪದರದ ಉರಿಯೂತ, ನಮಗೆ ಬೇಕಾದ ಉತ್ತರವಲ್ಲ. ಆ ಗಂಟುಗಳ ಜೊತೆ ಜ್ವರ, ಕಾಲಿನ ಹರಡಿನ ಊತ, ಎರಡೂ ಕಡೆಯ ಹೈಲಮ್ ಗಂಟು ಇದ್ದರೆ ಅದು ಲಾಫ್‌ಗ್ರೆನ್ ಸಿಂಡ್ರೋಮ್. ಅಂಥದ್ದರಲ್ಲಿ ಬಯಾಪ್ಸಿ ಬಿಟ್ಟು ಕಾದು ನೋಡಬಹುದು.

ಉಳಿದವರಿಗೆ ಎಬಸ್, ಅಂದರೆ ಶ್ವಾಸನಾಳದೊಳಗಿಂದ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾ ಗಂಟಿಗೆ ಸೂಜಿ ಹಾಕುವುದು. 7ನೇ ಸ್ಟೇಷನ್‌ನ (ಶ್ವಾಸನಾಳ ಕವಲೊಡೆಯುವ ಜಾಗದ ಕೆಳಗಿನ) ಗಂಟು ದೊಡ್ಡದಿದ್ದರೆ ಅಲ್ಲಿಂದಲೇ ಶುರು, 22 ಗೇಜ್ ಸೂಜಿ, ಒಂದು ಗಂಟಿಗೆ ಕನಿಷ್ಠ 3 ಸಲ. ಎಚ್‌ಆರ್‌ಸಿಟಿಯಲ್ಲಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ಫಿಶರ್ (ಶ್ವಾಸಕೋಶದ ಹಾಲೆಗಳ ನಡುವಿನ ಸೀಳು) ಉದ್ದಕ್ಕೂ ಮಣಿ ಪೋಣಿಸಿದಂತೆ ಸಣ್ಣ ಗಂಟುಗಳಿದ್ದರೆ ಶ್ವಾಸಕೋಶದಿಂದಲೂ 4ರಿಂದ 6 ತುಣುಕು ತೆಗೆಯುತ್ತೇನೆ. ಸೂಜಿ ಹಿಡಿಯುವ ಮೊದಲೇ ಟ್ರೇಯಲ್ಲಿ ಹೆಸರು ಬರೆದ ಎರಡು ಬಾಟಲಿ ಇರಬೇಕು: ಒಂದರಲ್ಲಿ ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್, ಇನ್ನೊಂದರಲ್ಲಿ ಬರೀ ಸಲೈನ್. ಗಡಿಬಿಡಿಯಲ್ಲಿ ಎಲ್ಲವೂ ಫಾರ್ಮಲಿನ್‌ಗೆ ಬಿದ್ದರೆ ಕ್ಷಯದ ಮತ್ತು ಫಂಗಸ್‌ನ ಕಲ್ಚರ್ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಅಲ್ಲಿಗೇ ಮುಗಿಯಿತು. ಫಾರ್ಮಲಿನ್‌ನಲ್ಲಿ ಯಾವ ಕ್ರಿಮಿಯೂ ಬದುಕುವುದಿಲ್ಲ. ಕ್ಷಯದ ಕ್ರಿಮಿಯ ವಂಶವಾಹಿ ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ನೆಗೆಟಿವ್ ಬಂದರೂ ಕಲ್ಚರ್ ಮೇಲೆ ಕಣ್ಣಿಟ್ಟಿರಿ, ಅದಕ್ಕೆ 6ರಿಂದ 8 ವಾರ ಹಿಡಿಯುತ್ತದೆ. ಮಾಂಟೂ (ಕ್ಷಯದ ಚರ್ಮ ಪರೀಕ್ಷೆ) ಚೆನ್ನಾಗಿ ಉಬ್ಬಿದರೆ ನನ್ನ ಅನುಮಾನ ಕ್ಷಯದ ಕಡೆಗೇ ವಾಲುತ್ತದೆ, ಏಕೆಂದರೆ ಸಾರ್ಕಾಯ್ಡೋಸಿಸ್‌ನಲ್ಲಿ ಅದು ಸಾಮಾನ್ಯವಾಗಿ ಮಂಕಾಗಿರುತ್ತದೆ.

ರಕ್ತದ ಏಸ್ (ಗ್ರಾನುಲೋಮಾ ಕೋಶಗಳು ಹೊರಬಿಡುವ ಕಿಣ್ವ) ಮಟ್ಟ ನೋಡಿ ತೀರ್ಮಾನ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ. ರೋಗವಿದ್ದೂ ಅದು ನಾರ್ಮಲ್ ಇರಬಹುದು, ಬೇರೆ ಕಾಯಿಲೆಗಳಲ್ಲೂ ಏರಬಹುದು, ಬಿಪಿಗೆ ಎನಲಾಪ್ರಿಲ್ ನುಂಗುತ್ತಿದ್ದರೆ ಇಳಿದಿರುತ್ತದೆ.

ಕ್ಯಾಲ್ಸಿಯಂ ಮಾತ್ರ ಬಿಡಲೇಬೇಡಿ. ಗ್ರಾನುಲೋಮಾ ತಾನೇ ಸಕ್ರಿಯ ವಿಟಮಿನ್ ಡಿ ತಯಾರಿಸುತ್ತದೆ. 25 ಹೈಡ್ರಾಕ್ಸಿ (ವಿಟಮಿನ್ ಡಿಯ ಸಂಗ್ರಹ ರೂಪ) ಕಡಿಮೆಯಿದೆಯೆಂದು ಯಾರೋ ವಿಟಮಿನ್ ಡಿ ಬರೆದುಬಿಟ್ಟರೆ ಕ್ಯಾಲ್ಸಿಯಂ ಏರಿ ಕಿಡ್ನಿಗೆ ಪೆಟ್ಟು. ಕೊಡುವ ಮುನ್ನ 1,25 ಡೈಹೈಡ್ರಾಕ್ಸಿಯನ್ನೂ (ಸಕ್ರಿಯ ರೂಪ) ಅಳೆಯಿರಿ. ಇಸಿಜಿ ಎಲ್ಲರಿಗೂ, ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ) ಕಂಡರೆ, ತಲೆಸುತ್ತಿ ಬಿದ್ದಿದ್ದರೆ, ಹೃದಯದ ಎಂಆರ್‌ಐ. ಕಣ್ಣು ಕೆಂಪಾಗದಿದ್ದರೂ ಸ್ಲಿಟ್ ಲ್ಯಾಂಪ್ ಪರೀಕ್ಷೆ ಆಗಬೇಕು, ಸದ್ದಿಲ್ಲದ ಯುವೆಯೈಟಿಸ್ (ಕಣ್ಣಿನೊಳಗಿನ ಉರಿಯೂತ) ದೃಷ್ಟಿಯನ್ನೇ ತಿನ್ನುತ್ತದೆ.

ಅಂಗಾಂಶ ಸಿಗುವ ಮೊದಲು ಸ್ಟೀರಾಯ್ಡ್ ಕೊಟ್ಟು, ಗಂಟು ಕರಗಿತೆಂದು ಸಾರ್ಕಾಯ್ಡೋಸಿಸ್ ಎಂದು ಬರೆಯಬೇಡಿ. ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಕೂಡ ಸ್ಟೀರಾಯ್ಡ್‌ಗೆ ಕರಗುತ್ತದೆ, ಆಮೇಲೆ ಮರಳಿ ಬೆಳೆಯುತ್ತದೆ.