ಹಿಂದಿನ ಸೀಟಿನಲ್ಲಿ ಗೈಡ್: ಬ್ಯಾಟರಿ ಸ್ಕೂಟರ್‌ನಲ್ಲಿ ವಿಜಯಪುರ ಸುತ್ತಿದ್ದು

ವಿಜಯಪುರಕ್ಕೆ ಬಂದವರು ಗೋಳಗುಮ್ಮಟದ ಗೇಟಿನಲ್ಲಿ ಒಬ್ಬ ಗೈಡ್ ಹಿಡಿಯುತ್ತಾರೆ, ಅಲ್ಲೇ ಬಿಟ್ಟು ಬರುತ್ತಾರೆ. ಮುಂದಿನ ಜಾಗಗಳಿಗೆ ಆಟೋ, ಇಲ್ಲವೇ ಟಾಂಗಾ. ನಾನು ಗೈಡನ್ನೇ ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೊರಟೆ.

ಗಾಡಿ ಅಲ್ಲೇ ಇರುವ ನಮ್ಮ ಮಾವನದು. ರಾತ್ರಿ ಅವರ ಮನೆಯಲ್ಲೇ ಚಾರ್ಜ್ ಮಾಡಿಕೊಂಡೆ. ಲೈಸೆನ್ಸ್ ಬೇಡದ ಸಣ್ಣ ಎಲೆಕ್ಟ್ರಿಕ್ ಗಾಡಿಗಳೂ ಇವೆ: 250 ವಾಟ್ ಒಳಗೆ, ಗಂಟೆಗೆ 25 ಕಿ.ಮೀ. ದಾಟದವು. ಆದರೆ ಇಬ್ಬರನ್ನು ಹೊತ್ತು ದಿನವಿಡೀ ತಿರುಗಲು ಲೈಸೆನ್ಸ್ ಬೇಕಾಗುವ, ಹಸಿರು ನಂಬರ್ ಪ್ಲೇಟಿನ ಗಾಡಿಯೇ ವಾಸಿ. ಹೆಲ್ಮೆಟ್ ಎರಡು ಬೇಕು. ಬಾಯಿ ಮುಚ್ಚದ ಹೆಲ್ಮೆಟ್ ಆದರೆ ಗೈಡ್ ಮಾತು ಕೇಳಿಸುತ್ತದೆ.

ಬ್ಯಾಟರಿ ಗಾಡಿಯ ನಿಜವಾದ ಲಾಭ ಇಲ್ಲೇ ಇರುವುದು. ಎಂಜಿನ್ ಗದ್ದಲವಿಲ್ಲ. ನಿಧಾನವಾಗಿ ಹೋದರೆ ಹಿಂದೆ ಕೂತವರು ಕೂಗದೆ ಕತೆ ಹೇಳಬಹುದು. ನಮ್ಮ ಗೈಡ್ ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದರು. ಅಂಗಡಿಗಳ ನಡುವೆ ಇಣುಕುವ ಕೋಟೆ ಗೋಡೆ, ಬೋರ್ಡಿಲ್ಲದ ಸಣ್ಣ ಗೋರಿಗಳು. ಕಾರಿನಲ್ಲಿ ಕೂತಿದ್ದರೆ ಇವು ಕಣ್ಣಿಗೇ ಬೀಳುತ್ತಿರಲಿಲ್ಲ.

ವಿದೇಶದ ಕೆಲವು ಊರುಗಳಲ್ಲಿ ಸೆಗ್ವೇ ಎಂಬ ಎರಡು ಚಕ್ರದ ಬ್ಯಾಟರಿ ಗಾಡಿಯ ಮೇಲೆ ನಿಂತು ಗೈಡ್ ಹಿಂದೆ ಸಾಲಾಗಿ ಹೋಗುತ್ತಾರಂತೆ. ಮೈ ಮುಂದಕ್ಕೆ ಬಾಗಿಸಿದರೆ ಓಡುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ. ನಮ್ಮ ಹಂಪು, ಎಮ್ಮೆ, ತಳ್ಳುಗಾಡಿಗಳ ನಡುವೆ ಅದು ಸಾಗುವ ಮಾತಲ್ಲ, ಅಲ್ವಾ?

ಬೆಳಗ್ಗೆ ಬೇಗ ಗೋಳಗುಮ್ಮಟ ಮುಗಿಸಿದೆವು. ಶಾಲಾ ಮಕ್ಕಳ ಬಸ್ಸು ಬಂದಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಬರೀ ಕಿರುಚಾಟ. ಹೊರಗಿನಿಂದ ಸುಮಾರು 44 ಮೀಟರ್ ಅಗಲದ ಗುಮ್ಮಟ, ಒಳಗೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಹಾಯುವ ಕಮಾನುಗಳೇ ಭಾರ ಹೊತ್ತಿವೆ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಇಳಿದರೆ ಕಾಲು ಸೋಲುತ್ತದೆ. ಆಗ ಸ್ಕೂಟರ್ ಸೀಟು ಸ್ವರ್ಗ.

ಜುಮ್ಮಾ ಮಸೀದಿ, ಗಗನ ಮಹಲ್ ಬೇಗ ಆದವು. ಬಾರಾ ಕಮಾನ್ ಹತ್ತಿರ ಜಾಸ್ತಿ ಹೊತ್ತು ನಿಂತೆವು. ಇಲ್ಲಿನ ಸುಲ್ತಾನ ಎರಡನೇ ಅಲಿ ಆದಿಲ್ ಶಾ ಗೋಳಗುಮ್ಮಟವನ್ನೂ ಮೀರಿಸುವ ಸಮಾಧಿ ಕಟ್ಟಿಸಲು ಹೊರಟಿದ್ದನಂತೆ. 1672ರಲ್ಲಿ ಅವನೇ ತೀರಿಕೊಂಡ. ಬರೀ ಕಮಾನುಗಳು ಉಳಿದವು. ನನಗಂತೂ ಊರಿನಲ್ಲಿ ತುಂಬ ಹಿಡಿಸಿದ ಜಾಗ ಇದೇ.

ಪಶ್ಚಿಮಕ್ಕೆ ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ 55 ಟನ್ ಎನ್ನುತ್ತಾರೆ. ಬಾಯಿ ಸಿಂಹದ್ದು, ಹಲ್ಲುಗಳ ನಡುವೆ ಆನೆ ಸಿಕ್ಕಿಕೊಂಡಿದೆ. ಇದನ್ನು ಎಳೆದು ತರಲು ಹತ್ತು ಆನೆ, ನಾನೂರು ಎತ್ತು ಬೇಕಾದವು ಎಂಬ ಕತೆ ಗೈಡ್ ಬಾಯಲ್ಲಿ ಬಂತು. ಹೇಳಿ ಮುಗಿಸಿ, ನಮ್ಮ ಗಾಡಿ ಕಡೆ ನೋಡಿ ನಕ್ಕರು.

ಕೊನೆಗೆ ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿ ನೋಡಿಕೊಂಡು ಇಬ್ರಾಹಿಂ ರೋಜಾ ಸಮಾಧಿಗೆ. ಊರು ಹೆಚ್ಚುಕಡಿಮೆ ಸಮತಟ್ಟು, ದೂರವೂ ಕಡಿಮೆ. ಹಾಗಾಗಿ ಚಾರ್ಜ್ ತಲೆನೋವು ಆಗಲಿಲ್ಲ. ಬಿಸಿಲಿನದೇ ಚಿಂತೆ. ನಿಂತ ಕಡೆಯೆಲ್ಲ ನೆರಳು ಹುಡುಕಿ ಗಾಡಿ ಇಟ್ಟೆ, ಸೀಟಿನ ಮೇಲೆ ಟವೆಲ್ ಹಾಕಿದೆ.

ಗೈಡ್ ಜೊತೆ ರೇಟು ಮಾತಾಡುವಾಗ ಎರಡು ವಿಷಯ ಮೊದಲೇ ಹೇಳಿಬಿಡಿ: ಇಡೀ ದಿನ ಬೇಕು, ಸಂಜೆ ವಾಪಸ್ ಗುಮ್ಮಟದ ಗೇಟಿಗೆ ಬಿಡುತ್ತೇವೆ. ರೋಜಾ ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಅಲ್ಲಿಂದ ಅವರು ಆಟೋ ಹಿಡಿಯಬೇಕಾದರೆ ಆ ದುಡ್ಡೂ ನಿಮ್ಮ ಲೆಕ್ಕಕ್ಕೇ ಬರುತ್ತದೆ.